ಕಲ್ಲಿನ ಗುಣ ತಿಳಿದು ನೀರು ಹಾಕು

ಪ್ರೀತಿಯ ತಮ್ಮನಿಗೆ,

ಕಾರ್ಪೆಟ್, ಜಮಖಾನ ತೊಳೆಯುವ ಕೆಲಸದ ಜೊತೆಗೆ ಟೈಲ್ಸ್, ಮಾರ್ಬಲ್, ಮೊಸಾಯಿಕ್ ನೆಲ ತೊಳೆಯುವುದನ್ನೂ ಸೇರಿಸಿಕೊಳ್ಳಬೇಕೆಂದಿದ್ದೀಯ ಎಂದು ತಿಳಿಯಿತು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ನಿನ್ನ ಹಾಗೆ ಯೋಚಿಸುವ ಹುಡುಗರು ಇನ್ನೂ ಇರಬಹುದು. ಅದಕ್ಕೇ ಎಲ್ಲರೂ ಓದಲಿ ಅಂತ ಈ ಕಾಗದವನ್ನು ಬಹಿರಂಗವಾಗಿ ಬರೆಯುತ್ತಿದ್ದೇನೆ. ಮೊಸಾಯಿಕ್ ಪಾಲಿಶ್ ಕೆಲಸದಲ್ಲೇ ತಲೆಗೂದಲು ಬೆಳ್ಳಗಾದವನು ನಾನು. ನೆಲದ ಬಗ್ಗೆ ನನಗೆ ತಿಳಿದದ್ದನ್ನು ನಿನಗೆ ಹೇಳದೆ ಇನ್ನಾರಿಗೆ ಹೇಳಲಿ?

ಧಾರಾಳವಾಗಿ ಮಾಡು, ನಿನ್ನ ಯೋಚನೆ ಸರಿಯಾಗಿದೆ. ಕಲ್ಯಾಣ ಮಂಟಪದಲ್ಲಿ ಕಾರ್ಪೆಟ್ ಎತ್ತಿದಾಗ ಕೆಳಗೆ ಏನಿರುತ್ತದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಣ್ಣ ಮರಳು, ಅಕ್ಷತೆ ಕಾಳು, ಅರಿಶಿನ ಕುಂಕುಮ, ಚೆಲ್ಲಿದ ಸಾರು. ಆ ನೆಲವನ್ನು ಹಾಗೇ ಬಿಟ್ಟು ತೊಳೆದ ಕಾರ್ಪೆಟ್ ಹಾಸಿದರೆ ಎರಡು ಮದುವೆ ಮುಗಿಯುವಷ್ಟರಲ್ಲಿ ಅಡಿಯ ಮರಳೇ ಅದರ ನೂಲಿನ ಬುಡವನ್ನು ಕೊಯ್ಯತೊಡಗುತ್ತದೆ. ಕಾರ್ಪೆಟ್ ಪೂರ್ತಿ ಒಣಗದೆ ಹಾಸಿದರಂತೂ ಅದರ ಕೆಂಪು ಬಣ್ಣ ಬಿಳಿ ಮಾರ್ಬಲ್ಲಿಗೆ ಇಳಿದು ಹೋಗುತ್ತದೆ, ಆಮೇಲೆ ಬೈಸಿಕೊಳ್ಳುವವನು ನೀನೇ. ಮಸೀದಿಯ ಹಾಸು, ಲಾಡ್ಜಿನ ಕೋಣೆ, ಡಾಕ್ಟರ ಕ್ಲಿನಿಕ್ಕು, ಎಲ್ಲ ಕಡೆಯೂ ಹಾಸನ್ನು ತೊಳೆಯಲು ಕರೆದವರೇ ನೆಲ ತೊಳೆಯಲು ಇನ್ನೊಬ್ಬರನ್ನು ಹುಡುಕುತ್ತಿರುತ್ತಾರೆ. ಗಿರಾಕಿ ಅವರೇ, ಗಾಡಿ ಅದೇ, ಹೋಗಿ ಬರುವ ಖರ್ಚೂ ಒಂದೇ.

ಆದರೆ ಕೈ ಬದಲಾಗಬೇಕು. ನಾನು ಮುಖ್ಯವಾಗಿ ಹೇಳಬೇಕೆಂದಿರುವುದೇ ಇದು.

ನೀನು ಕೆಲಸ ಕಲಿತದ್ದು ಉಣ್ಣೆಯ ಮೇಲೆ. ಚಳ್ಳಕೆರೆಯಲ್ಲಿ ಹುಟ್ಟಿದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮೂರಿನ ಕುರುಬರ ಮನೆಗಳಲ್ಲಿ ಕುರಿ ಉಣ್ಣೆಯ ನೂಲಿಗೆ ಹುಣಸೆ ಬೀಜದ ಅಂಟು ಹಚ್ಚಿ ನೇಯ್ದ ಕಂಬಳಿಯನ್ನು ನಾವೆಲ್ಲ ಹೊದ್ದು ಬೆಳೆದವರು. ಕಂಬಳಿಯನ್ನು ಬಿಸಿನೀರಿಗೆ ಹಾಕಬಾರದು, ಸೋಡಾ ಹಾಕಿ ತಿಕ್ಕಬಾರದು, ಹಾಗೆ ಮಾಡಿದರೆ ಅದು ಕುಗ್ಗಿ ಗಟ್ಟಿಯಾಗಿ ಹಾಳಾಗುತ್ತದೆ ಎಂಬುದು ಅಜ್ಜಿಯರಿಗೂ ಗೊತ್ತಿದ್ದ ಮಾತು. ಉಣ್ಣೆಯ ಕಾರ್ಪೆಟ್ ತೊಳೆದ ಮೇಲೆ ಕೊನೆಯ ನೀರಿಗೆ ಚೂರು ವಿನಿಗರ್ ಹಾಕುವುದನ್ನು ನೀನು ರೂಢಿ ಮಾಡಿಕೊಂಡಿದ್ದೀಯ. ಒಳ್ಳೆಯ ರೂಢಿ, ಸೋಪಿನ ಕ್ಷಾರ ಉಳಿಯದೆ ಉಣ್ಣೆ ಮೃದುವಾಗುತ್ತದೆ. ಅದೇ ವಿನಿಗರ್ ನೀರು ಮಾರ್ಬಲ್ ಮೇಲೆ ಬಿದ್ದರೆ ಅಲ್ಲಿಯ ಹೊಳಪೇ ಹೋಯಿತು. ಉಣ್ಣೆಗೆ ಕ್ಷಾರ ಆಗದು, ಸುಣ್ಣದ ಕಲ್ಲಿಗೆ ಹುಳಿ ಆಗದು. ನಿನ್ನ ಕೈ ಇಷ್ಟು ದಿನ ಹೆದರಿದ್ದು ಒಂದಕ್ಕೆ, ಇನ್ನು ಮುಂದೆ ಹೆದರಬೇಕಾದದ್ದು ಇನ್ನೊಂದಕ್ಕೆ.

ಅದಕ್ಕೇ ಮೆಷಿನ್ ಕೊಳ್ಳುವ ಮೊದಲು ಕಲ್ಲಿನ ಗುರುತು ಹಿಡಿಯುವುದನ್ನು ಕಲಿ. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಕಪ್ಪಗೆ ಕಾಣುವುದು ಕಡಪ ಕಲ್ಲು, ಬೂದು ಬಣ್ಣದ್ದು ಶಹಾಬಾದ್ ಕಲ್ಲು. ಒಂದು ಆಂಧ್ರದಿಂದ ಬಂದದ್ದು, ಇನ್ನೊಂದು ಕಲಬುರಗಿ ಸೀಮೆಯದು. ಕರ್ನೂಲಿನ ಕಡೆಯಿಂದ ಬಂದ ಬೇತಂಚೆರ್ಲ ಕಲ್ಲೂ ಅಲ್ಲಲ್ಲಿ ಸಿಗುತ್ತದೆ. ನೋಡಲು ಮೂರೂ ಬೇರೆ, ಆದರೆ ಎಲ್ಲವೂ ಸುಣ್ಣದ ಕಲ್ಲಿನ ಜಾತಿಯವೇ, ಹುಳಿ ತಗುಲಿದರೆ ಮೈ ಬಿಳಿಚಿಕೊಳ್ಳುತ್ತವೆ. ಮಾರ್ಬಲ್ ಕೂಡ ಅದೇ ಜಾತಿ. ಮೊಸಾಯಿಕ್ ಅಂದರೆ ಸಿಮೆಂಟಿನಲ್ಲಿ ಕೂರಿಸಿದ ಮಾರ್ಬಲ್ ಚಿಪ್ಸು, ಹಾಗಾಗಿ ಚಿಪ್ಸೂ ಸಿಮೆಂಟೂ ಎರಡೂ ಆಸಿಡ್ಡಿಗೆ ಕರಗುವಂಥವೇ. ರೆಡ್ ಆಕ್ಸೈಡ್ ನೆಲ ಅಂದರೆ ಕೆಂಪು ಬಣ್ಣ ಬೆರೆಸಿ ಉಜ್ಜಿದ ಸಿಮೆಂಟು. ವರ್ಷಗಟ್ಟಲೆ ಕಾಲು ತಿಕ್ಕಿ, ಎಣ್ಣೆ ಒರೆಸಿ ಬಂದ ಅದರ ಹೊಳಪು ಒಮ್ಮೆ ಹೋದರೆ ಯಾವ ಮೆಷಿನ್ನಿಂದಲೂ ವಾಪಸ್ ಬರುವುದಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟ್, ಕರಿ ಗ್ರಾನೈಟ್ ಇವು ಗಟ್ಟಿ ಜಾತಿಯವು, ಹುಳಿಗೆ ಅಷ್ಟು ಬೇಗ ಜಗ್ಗುವುದಿಲ್ಲ. ಹೊಸ ಮನೆಗಳಲ್ಲಿರುವುದು ಹೆಚ್ಚಾಗಿ ಗುಜರಾತಿನ ಮೋರ್ಬಿಯಿಂದ ಬಂದ ವಿಟ್ರಿಫೈಡ್ ಟೈಲ್ಸು. ಅದು ತನ್ನ ತೂಕದ ನೂರರಲ್ಲಿ ಅರ್ಧ ಪಾಲಿನಷ್ಟೂ ನೀರು ಕುಡಿಯುವುದಿಲ್ಲ. ಬಾತ್‌ರೂಮಿನ ಗೋಡೆಗೆ ಹಾಕುವ ಸಿರಾಮಿಕ್ ಹಾಗಲ್ಲ. ಮೇಲಿನ ಗಾಜಿನ ಪದರ ಗಟ್ಟಿ, ಒಳಗಿನ ಮಣ್ಣು ನೂರಕ್ಕೆ ಹತ್ತು ಪಾಲಿಗಿಂತ ಹೆಚ್ಚೇ ನೀರು ಹೀರುತ್ತದೆ.

ಗೊತ್ತಾಗದಿದ್ದರೆ ನಿಂಬೆಹಣ್ಣು ಇಟ್ಟುಕೊಂಡಿರು. ಬೀರುವಿನ ಅಡಿಯೋ ಬಾಗಿಲ ಹಿಂದೆಯೋ ಕಣ್ಣಿಗೆ ಬೀಳದ ಒಂದು ಮೂಲೆ ನೋಡಿ, ಮನೆಯವರನ್ನು ಕೇಳಿಯೇ ಒಂದು ಹನಿ ರಸ ಬಿಡು. ಸಣ್ಣ ಗುಳ್ಳೆ ಎದ್ದರೆ ಸುಣ್ಣದ ಕಲ್ಲು. ಗುಳ್ಳೆ ಕಾಣದಿದ್ದರೂ ಎರಡು ನಿಮಿಷ ಬಿಟ್ಟು ಒರೆಸಿ, ಟಾರ್ಚನ್ನು ನೆಲಕ್ಕೆ ಓರೆಯಾಗಿ ಹಿಡಿದು ನೋಡು. ಹನಿ ಬಿದ್ದಲ್ಲಿ ಮಬ್ಬು ಗುರುತು ಉಳಿದಿದ್ದರೆ ಆ ನೆಲಕ್ಕೆ ಹುಳಿಯ ಯಾವ ಔಷಧವನ್ನೂ ಹಾಕಬೇಡ. ಇದಕ್ಕೆ ಐದು ನಿಮಿಷ ಸಾಕು. ಇಷ್ಟನ್ನು ಮಾಡದೆ ಕೆಲಸ ಶುರು ಮಾಡುವವನಿಗೆ ನಾನಂತೂ ನನ್ನ ಮನೆಯ ನೆಲ ಕೊಡುವುದಿಲ್ಲ.

ಈಗ ಆಸಿಡ್ಡಿನ ವಿಷಯ. ನಮ್ಮ ಪೇಟೆಯಲ್ಲಿ ನೆಲ ತೊಳೆಯುವುದು ಅಂದರೆ ಒಂದು ಬಾಟಲಿ ಆಸಿಡ್ ಸುರಿದು ಪೊರಕೆಯಲ್ಲಿ ತಿಕ್ಕುವುದು ಎಂದೇ ಆಗಿಹೋಗಿದೆ. ನೊರೆ ಬಂದಾಗ ಕೊಳೆ ಏಳುತ್ತಿದೆ ಅಂತ ಗಿರಾಕಿ ಸಂತೋಷಪಡುತ್ತಾನೆ. ಏಳುತ್ತಿರುವುದು ಕೊಳೆಯಲ್ಲ ತಮ್ಮಾ, ಟೈಲ್ಸ್ ಸಂದಿನ ಸಿಮೆಂಟು. ಕರಗಿದ ಸಿಮೆಂಟು ನೀರಿನ ಜೊತೆ ಹೋಗಿಬಿಡುತ್ತದೆ. ಅವತ್ತು ಜಾಯಿಂಟು ಬೆಳ್ಳಗೆ ಕಾಣುತ್ತದೆ ನಿಜ, ಆದರೆ ಮೇಲ್ಮೈ ತರಿತರಿಯಾಗಿ ತೂತು ಬಿದ್ದಿರುತ್ತದೆ. ಶೇಂಗಾ ಹೊಲದ ಸಾಲಿನಲ್ಲಿ ಮಳೆನೀರು ನಿಲ್ಲುವ ಹಾಗೆ ಒರೆಸಿದ ಬಟ್ಟೆಯ ಕೊಳೆನೀರೆಲ್ಲ ಆ ಸಾಲಿನಲ್ಲೇ ನಿಲ್ಲುತ್ತದೆ. ಮೂರು ತಿಂಗಳಿಗೆ ಮೊದಲಿಗಿಂತ ಕಪ್ಪು. ಮತ್ತೆ ಆಸಿಡ್. ಕೊನೆಗೆ ಸಂದು ಖಾಲಿಯಾಗಿ ಕೆಳಗೆ ನೀರಿಳಿದು, ತಟ್ಟಿದರೆ ಟೈಲ್ಸು ಪೊಳ್ಳು ಸದ್ದು ಮಾಡುತ್ತದೆ. ಬಾತ್‌ರೂಮಿನ ನಲ್ಲಿಗಳ ಕ್ರೋಮಿಯಂ ಹೊಳಪು ಅದಕ್ಕಿಂತ ಮೊದಲೇ ಹೋಗಿರುತ್ತದೆ.

ಜೀವದ ಮಾತೂ ಇದೆ. ಆಸಿಡ್ ಹಾಕಿದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಬಾತ್‌ರೂಮಿನಲ್ಲಿ ಅದನ್ನು ಉಸಿರಾಡಿದವನು ಆಸ್ಪತ್ರೆ ಸೇರುತ್ತಾನೆ, ಪ್ರಾಣವೂ ಹೋಗಬಹುದು. ಕೆಲಸದ ಹುಡುಗರಿಗೆ ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಎರಡೂ ಡಬ್ಬ ಒಂದೇ ಗಾಡಿಯಲ್ಲಿ ಹೋಗಲು ಬಿಡಬೇಡ. 2013ರಲ್ಲಿ ಸುಪ್ರೀಂ ಕೋರ್ಟ್ ಅಂಗಡಿಗಳಲ್ಲಿ ಆಸಿಡ್ ಮಾರಾಟಕ್ಕೆ ಕಡಿವಾಣ ಹಾಕಿದ್ದು ಬೇರೆ ಕಾರಣಕ್ಕೆ, ಹೆಣ್ಣುಮಕ್ಕಳ ಮುಖ ಉಳಿಸುವುದಕ್ಕೆ. ನಿನ್ನ ಅಂಗಡಿಯಲ್ಲಿ ಆ ಬಾಟಲಿ ಇಲ್ಲದಿದ್ದರೆ ಆ ಕಾರಣಕ್ಕೂ ಒಳ್ಳೆಯದೇ.

ಬೋರ್‌ವೆಲ್ ನೀರಿನ ಬಿಳಿ ಪೊರೆ ತೆಗೆಯಲು ಹುಳಿ ಬೇಕೇಬೇಕಲ್ಲ ಅಂತ ನೀನು ಕೇಳಬಹುದು. ಬೇಕು. ಗ್ಲೇಜ್ (ಗಾಜಿನ ಪದರ) ಇರುವ ಟೈಲ್ಸಿಗೆ ಮಾತ್ರ, ಅದೂ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು ಸಾಕು. ಹಾಕುವ ಮುಂಚೆ ಸಂದುಗಳಿಗೆಲ್ಲ ಬರೀ ನೀರು ಕುಡಿಸಿಬಿಡು. ನೀರು ಕುಡಿದು ತುಂಬಿದ ಸಂದು ಹುಳಿಯನ್ನು ಒಳಗೆ ಎಳೆದುಕೊಳ್ಳುವುದಿಲ್ಲ. ಸ್ವಲ್ಪ ಹೊತ್ತು ಬಿಡು, ನೈಲಾನ್ ಬ್ರಷ್ಷಿನಲ್ಲಿ ಉಜ್ಜು, ತೊಳೆದು ಒಣಗಿಸು. ಹಳೆಯ ಪೊರೆಗೆ ಎರಡು ಮೂರು ಸಲ ಮಾಡಬೇಕಾಗುತ್ತದೆ, ಮಾಡು.

ಮೊಳಕಾಲ್ಮೂರಿಗೆ ಹೋದಾಗ ಇನ್ನೊಂದು ಎಚ್ಚರ. ಜಿಐ (ಭೌಗೋಳಿಕ) ಗುರುತು ಪಡೆದ ಅಲ್ಲಿಯ ರೇಷ್ಮೆ ಸೀರೆ ಹುಟ್ಟುವುದು ಜನ ವಾಸವಿರುವ ಮನೆಗಳಲ್ಲೇ. ಒಂದು ಕೋಣೆಯಲ್ಲಿ ಮಗ್ಗ, ಪಕ್ಕದಲ್ಲಿ ಅಡುಗೆಮನೆ, ಹಿಂದೆ ಬಚ್ಚಲು. ಬಚ್ಚಲಿಗೆ ನೀನು ಆಸಿಡ್ ಹಾಕಿದರೆ ಹೊಗೆ ಮಗ್ಗದ ಕೋಣೆಗೆ ಹೋಗದೆ ಇರುವುದಿಲ್ಲ. ಹಣಿಗೆಯ ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಜರಿಯ ಬೆಳ್ಳಿ ತಾಮ್ರ ಮಬ್ಬಾಗುತ್ತದೆ. ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಗಳ ಮೇಲೆ ಒಂದು ಹನಿ ಸಿಡಿದರೂ ಅಷ್ಟು ದಿನದ ನೇಯ್ಗೆ ಹೋಯಿತು. ಮಗ್ಗದ ಮನೆಗೆ ಹೋದರೆ ಮೊದಲು ಆ ಕೋಣೆಯ ಬಾಗಿಲು ಹಾಕಿಸು, ಹಾಸನ್ನು ಒಣ ಬಟ್ಟೆಯಿಂದ ಮುಚ್ಚಿಸು, ಗುಂಡಿಮಗ್ಗವಾದರೆ ನೀರು ಗುಂಡಿಯ ಕಡೆ ಹರಿಯದಂತೆ ಬಟ್ಟೆಯ ಕಟ್ಟೆ ಕಟ್ಟು. ಮಗ್ಗದ ಕೋಣೆಯ ನೆಲವನ್ನು ಒಣ ವ್ಯಾಕ್ಯೂಮಿನಲ್ಲಿ ಎಳೆದು ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು, ಅಲ್ಲಿ ಮೆಷಿನ್ ಬೇಡವೇ ಬೇಡ. ನೇಕಾರರ ಮನೆಯಲ್ಲಿ ಹೀಗೆ ನಡೆದುಕೊಂಡರೆ ಒಂದು ಬೀದಿಯವರೆಲ್ಲ ನಿನ್ನನ್ನೇ ಕರೆಯುತ್ತಾರೆ.

ಚಳ್ಳಕೆರೆಯಲ್ಲಿ ಕಾಡುವುದು ಎಣ್ಣೆ. ಎಣ್ಣೆ ವ್ಯಾಪಾರದಲ್ಲಿ ನಮ್ಮೂರನ್ನು ಎರಡನೇ ಬಾಂಬೆ ಅನ್ನುತ್ತಿದ್ದ ಕಾಲದ ಮಿಲ್ಲುಗಳಲ್ಲಿ ಎಷ್ಟೋ ಮುಚ್ಚಿವೆ. ಮುಚ್ಚಿದವು ಗೋಡೌನು, ಶೋರೂಮು ಆಗುತ್ತಿವೆ, ನೆಲಕ್ಕೆ ಕುಡಿದ ಶೇಂಗಾ ಎಣ್ಣೆ ಮಾತ್ರ ಅಲ್ಲೇ ಇದೆ. ಗಾಳಿ ಧೂಳಿಗೆ ಅದು ಅಂಟಾಗಿ ಕಪ್ಪು ಪದರ ಕಟ್ಟಿರುತ್ತದೆ. ಎಣ್ಣೆಗೆ ಆಸಿಡ್ ಏನೂ ಮಾಡುವುದಿಲ್ಲ, ಅಲ್ಲಿ ಬೇಕಾದದ್ದು ಕ್ಷಾರ. ಮೊದಲು ಮರದ ಹೊಟ್ಟು ಚೆಲ್ಲಿ, ಮೇಲಿನ ಜಿಡ್ಡನ್ನು ಕುಡಿಸಿ ಗುಡಿಸು. ಆಮೇಲೆ ಬಿಸಿನೀರಿಗೆ ವಾಷಿಂಗ್ ಸೋಡಾ ಕರಗಿಸಿ ಸುರಿದು ಹತ್ತು ನಿಮಿಷ ಸುಮ್ಮನೆ ನಿಂತಿರು. ಈ ಹತ್ತು ನಿಮಿಷ ನಿಲ್ಲುವುದೇ ಹುಡುಗರಿಗೆ ಕಷ್ಟ, ಸುರಿದ ಕೂಡಲೇ ತಿಕ್ಕಲು ಶುರು ಮಾಡುತ್ತಾರೆ. ಸೋಡಾ ಎಣ್ಣೆಯನ್ನು ಸೋಪು ಮಾಡಿಕೊಳ್ಳಲು ಹೊತ್ತು ಬೇಕು. ದ್ರವ ಒಣಗಲು ಬಿಡದೆ ತಿಕ್ಕಿ, ತಕ್ಷಣ ವ್ಯಾಕ್ಯೂಮಿನಲ್ಲಿ ಎಳೆದು, ಎರಡು ಸಲ ಬರೀ ನೀರು ಹಾಕಿ ಎಳೆ. ಸೋಪು ಉಳಿದರೆ ಜನ ಜಾರಿ ಬೀಳುತ್ತಾರೆ. ಕಲ್ಲಿನ ಒಳಗೇ ಇಳಿದ ಎಣ್ಣೆಕಲೆಗೆ ಸೀಮೆಸುಣ್ಣದ ಪುಡಿಯನ್ನು ಸೋಡಾ ನೀರಲ್ಲಿ ಕಲಸಿ ಪಟ್ಟಿ ಹಾಕು, ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಟ್ಟು, ಆಮೇಲೆ ಮುಚ್ಚಳ ತೆಗೆದು ಒಣಗಲು ಬಿಡು. ಒಣಗುತ್ತಾ ಅದು ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ.

ಇದೇ ಸೋಡಾವನ್ನು ಮಂಟಪದ ಧಾರೆಯ ಜಾಗಕ್ಕೆ ಹಾಕಿದಾಗ ಹಳದಿ ಅರಿಶಿನದ ಕಲೆ ಇದ್ದಕ್ಕಿದ್ದಂತೆ ರಕ್ತದ ಬಣ್ಣಕ್ಕೆ ತಿರುಗುತ್ತದೆ. ನೋಡಿದವರು ನೆಲ ಹಾಳು ಮಾಡಿದೆ ಅಂತ ಕೂಗಾಡುತ್ತಾರೆ. ಗಾಬರಿಯಾಗಬೇಡ, ಅರಿಶಿನಕ್ಕೆ ಕ್ಷಾರ ತಗುಲಿದರೆ ಹಾಗೇ ಆಗುವುದು, ತೊಳೆದರೆ ಮತ್ತೆ ಹಳದಿಗೆ ಬರುತ್ತದೆ. ಆದರೆ ಮೊದಲೇ ಹೇಳಿಟ್ಟಿರು. ಉಳಿದ ಹಳದಿಯನ್ನು ಬಿಸಿಲೇ ತಿನ್ನುತ್ತದೆ, ಬಿಸಿಲು ಬೀಳದ ಜಾಗವಾದರೆ ಹೈಡ್ರೋಜನ್ ಪೆರಾಕ್ಸೈಡ್ ನೆನೆಸಿದ ಹತ್ತಿ ಇಡು.

ಮೆಷಿನ್ ವಿಚಾರಕ್ಕೆ ಬಂದರೆ, ಅರ್ಧ ಬಂಡವಾಳ ನಿನ್ನ ಹತ್ತಿರ ಆಗಲೇ ಇದೆ. ಕಾರ್ಪೆಟ್ಟಿನ ನೀರು ಎಳೆಯುವ ನಿನ್ನ ವ್ಯಾಕ್ಯೂಮ್ ನೆಲದ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡ ಆಯುಧ. ಬಕೆಟ್ಟು, ವೈಪರ್ ಹಿಡಿದವನು ಕೊಳೆನೀರನ್ನು ಸಂದಿಗೇ ತಳ್ಳುತ್ತಾನೆ, ನೀನು ಹೊರಗೆ ಎಳೆಯುತ್ತೀಯ. ನಮ್ಮಂಥ ಮಳೆ ಕಡಿಮೆಯ ಸೀಮೆಯಲ್ಲಿ, ಟ್ಯಾಂಕರ್ ನೀರಿಗೆ ದುಡ್ಡು ಕೊಡುವ ಬೇಸಿಗೆಯಲ್ಲಿ, ಕಡಿಮೆ ನೀರಲ್ಲಿ ತೊಳೆಯುತ್ತೇನೆ ಅಂತ ಹೇಳುವುದೇ ನಿನ್ನ ಕೆಲಸಕ್ಕೆ ದೊಡ್ಡ ಪ್ರಚಾರ. ಬೋರಿನ ನೀರಲ್ಲಿ ಸುಣ್ಣದ ಅಂಶ ಹೆಚ್ಚು, ತಾನಾಗಿ ಒಣಗಲು ಬಿಟ್ಟರೆ ಕಪ್ಪು ಗ್ರಾನೈಟಿನ ಮೇಲೆ ಬಿಳಿ ಚುಕ್ಕೆ ಎದ್ದೇಳುತ್ತದೆ. ಹಾಗಾಗಿ ಕೊನೆಯಲ್ಲಿ ಒಣಬಟ್ಟೆಯಲ್ಲಿ ಒರೆಸುವುದನ್ನು ಎಂದೂ ಬಿಡಬೇಡ. ಬಟ್ಟೆ ಸೋಪು ಈ ನೀರಿಗೆ ಒಡೆದು ಜಿಡ್ಡು ಕಟ್ಟುತ್ತದೆ, ನೆಲಕ್ಕೆ ಡಿಟರ್ಜೆಂಟ್ ಜಾತಿಯ ದ್ರವವನ್ನೇ ಬಳಸು.

ಹೊಸದಾಗಿ ಬೇಕಾದದ್ದು 17 ಇಂಚಿನ ಒಂದೇ ಡಿಸ್ಕಿನ ಸ್ಕ್ರಬ್ಬರ್, ಅದಕ್ಕೊಂದು ಬ್ರಷ್ಷು, ಪ್ಯಾಡುಗಳು. ಪ್ಯಾಡಿನ ಬಣ್ಣ ನೆನಪಿಡು. ಕಪ್ಪು ಎಲ್ಲಕ್ಕಿಂತ ಒರಟು, ಹಸಿರು ತಿಕ್ಕುವುದಕ್ಕೆ, ಕೆಂಪು ದಿನದ ಕೆಲಸಕ್ಕೆ, ಬಿಳಿ ಹೊಳಪಿಗೆ. ಹೊಳಪಿನ ಮಾರ್ಬಲ್ಲಿಗೆ ಹಸಿರು, ಕಪ್ಪು ಮುಟ್ಟಿಸಬೇಡ. ಒರಟು ಮೈಯ ಆಂಟಿ ಸ್ಕಿಡ್ ಟೈಲ್ಸಿಗೆ ಪ್ಯಾಡು ಮೇಲೆ ಮೇಲೆ ತೇಲುತ್ತದೆ, ಅಲ್ಲಿ ಬ್ರಷ್ಷೇ ಬೇಕು. ಒದ್ದೆ ನೆಲದ ಮೇಲೆ ಕರೆಂಟಿನ ಮೆಷಿನ್ ಓಡಿಸುವ ಕೆಲಸ ಇದು. ಎಷ್ಟೋ ಹಳೆಯ ಮಂಟಪಗಳ ಪ್ಲಗ್ಗಿಗೆ ಅರ್ಥಿಂಗೇ ಇರುವುದಿಲ್ಲ. ನಿನ್ನ ಎಕ್ಸ್‌ಟೆನ್ಷನ್ ಬಾಕ್ಸಿಗೇ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿಕೋ, ಹುಡುಗರಿಗೆ ಗಮ್ ಬೂಟು, ಗ್ಲೌಸು, ಕಣ್ಣಿಗೆ ಕನ್ನಡಕ ಕೊಡಿಸು. ಮೊದಲ ಮೆಷಿನ್ನಿನ ದುಡ್ಡಿನಲ್ಲೇ ಇದನ್ನೂ ಸೇರಿಸು, ಆಮೇಲೆ ನೋಡೋಣ ಅನ್ನಬೇಡ. ಸಾಲ ಬೇಕಾದರೆ ಮುದ್ರಾ ಯೋಜನೆ ಇದೆ. ಶಿಶು ವರ್ಗದಲ್ಲಿ 50,000 ರೂಪಾಯಿವರೆಗೆ, ಕಿಶೋರದಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಿಗುತ್ತದೆ. ಬಡ್ಡಿಗೆ ಕೈಸಾಲ ತರಬೇಡ.

ರೇಟನ್ನು ಫೋನಿನಲ್ಲಿ ಹೇಳಬೇಡ. ಕಾರ್ಪೆಟ್ ಅಂಗಡಿಗೆ ಬರುತ್ತದೆ, ನೆಲದ ಹತ್ತಿರ ನೀನೇ ಹೋಗಬೇಕು. ಅಳತೆ ಟೇಪು ಹಿಡಿದು ಹೋಗು. 10 ಅಡಿ ಉದ್ದ 10 ಅಡಿ ಅಗಲದ ಒಂದು ಚೌಕ ತೊಳೆದು ತೋರಿಸು, ಗಡಿಯಾರ ನೋಡಿಕೋ, ಎಷ್ಟು ದ್ರವ ಹೋಯಿತು ಬರೆದುಕೋ. 40 ಅಡಿಗೆ 60 ಅಡಿಯ ಹಾಲ್ ಅಂದರೆ ಅಂಥ 24 ಚೌಕ. ಹೊತ್ತನ್ನೂ ಕೂಲಿಯನ್ನೂ 24ರಿಂದ ಗುಣಿಸಿ, ಗಾಡಿ ಖರ್ಚು, ಮೆಷಿನ್ ಸವೆತ ಸೇರಿಸಿ ಚದರಡಿಗೆ ಎಷ್ಟು ಬಿತ್ತು ನೋಡು. ಇನ್ನೊಬ್ಬನ ರೇಟಿಗಿಂತ ಒಂದು ರೂಪಾಯಿ ಇಳಿಸಿ ಹೇಳುವ ಚಾಳಿ ಬೇಡ, ಇಳಿಸಿದವನು ಆಸಿಡ್ ಹಾಕಿ ಆ ರೂಪಾಯಿ ಉಳಿಸುತ್ತಾನೆ. ಕೆಲಸ ಶುರುವಾಗುವ ಮುಂಚೆ ಬಿರುಕು, ಒಡೆದ ಮೂಲೆ, ಹಳೆಯ ಮಬ್ಬು ಎಲ್ಲದರ ಫೋಟೋ ತೆಗೆದು ಮನೆಯವರಿಗೆ ಕಳಿಸಿಬಿಡು. ಮಬ್ಬಾದ ಮಾರ್ಬಲ್ ತೊಳೆದರೆ ಹೊಳೆಯುವುದಿಲ್ಲ, ಅದಕ್ಕೆ ಪಾಲಿಶ್ ಬೇಕು, ಅದು ಬೇರೆ ಕೆಲಸ, ಬೇರೆ ದುಡ್ಡು ಅಂತ ಬಾಯಿಬಿಟ್ಟು ಹೇಳು.

ನಮ್ಮ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಕಡೆ ಐಐಎಸ್‌ಸಿ ಕ್ಯಾಂಪಸ್ಸು, ಡಿಆರ್‌ಡಿಒದವರ ಪರೀಕ್ಷಾ ವಲಯ ಬಂದ ಮೇಲೆ ದೊಡ್ಡ ಟೆಂಡರುಗಳ ಆಸೆ ಹುಡುಗರಿಗೆ ಹತ್ತಿದೆ. ತಪ್ಪಲ್ಲ, ಆದರೆ ಅದು ಎರಡನೇ ಹೆಜ್ಜೆ. ಬಿಲ್ಲು ಕೈಗೆ ಬರುವವರೆಗೆ ಕೂಲಿ ಕೊಡುವ ಶಕ್ತಿ ಬಂದ ಮೇಲೆ ಅತ್ತ ನೋಡು.

ಕೆಲವು ಕಲ್ಲನ್ನು ತೊಳೆಯುವುದಿಲ್ಲ ಅಂತ ಈಗಲೇ ತೀರ್ಮಾನ ಮಾಡಿಕೋ. ಹಳೆಯ ಗುಡಿಯ ಕೆತ್ತನೆ ಕಂಬ, ಬರಹ ಇರುವ ಕಲ್ಲು, ವೀರಗಲ್ಲು ತೊಳೆದುಕೊಡು ಅಂತ ಭಕ್ತಿಯಿಂದಲೇ ಕೇಳುತ್ತಾರೆ. ಕೈಮುಗಿದು ಬಂದುಬಿಡು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನ ಶಾಸನ ಇರುವುದನ್ನು 1892ರಲ್ಲಿ ಬಿ.ಎಲ್. ರೈಸ್ ಗುರುತಿಸಿದರು. ಅದರ ಕೊನೆಯಲ್ಲಿ, ಅದನ್ನು ಬರೆದ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನೂ ಕೆತ್ತಿದ್ದಾನೆ, 'ಲಿಪಿಕಾರ' ಎಂಬುದನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ. ಎರಡು ಸಾವಿರ ವರ್ಷ ದಾಟಿ ಉಳಿದ ಅಂಥ ಗೀರುಗಳನ್ನು ತಂತಿ ಬ್ರಷ್ಷು ಒಂದು ಮಧ್ಯಾಹ್ನದಲ್ಲಿ ಸವೆಸಬಲ್ಲದು. ಅಂಥ ಕಲ್ಲುಗಳನ್ನು ಪುರಾತತ್ವ ಇಲಾಖೆಯವರು ನೋಡಿಕೊಳ್ಳುತ್ತಾರೆ.

ಶುರು ಮಾಡುವುದಾದರೆ ಮದುವೆ ಮುಹೂರ್ತವಿಲ್ಲದ ಆಷಾಢದಲ್ಲಿ ಶುರು ಮಾಡು. ಮಂಟಪಗಳು ಖಾಲಿ ಇರುತ್ತವೆ, ಯಜಮಾನರಿಗೂ ಬಿಡುವು, ತೊಳೆದ ನೆಲ ಒಣಗಲು ಎರಡು ದಿನ ಬಿಟ್ಟರೂ ಯಾರೂ ಅವಸರ ಮಾಡುವುದಿಲ್ಲ. ಈಗಾಗಲೇ ನಿನಗೆ ಕಾರ್ಪೆಟ್ ಕೊಡುವ ಒಂದು ಮಂಟಪದವರನ್ನು ಕೇಳಿ ಅವರ ಊಟದ ಹಾಲಿನಿಂದ ಆರಂಭಿಸು, ಅಲ್ಲಿ ಎಣ್ಣೆ, ಅರಿಶಿನ, ಎಲೆ ಅಡಿಕೆ ಎಲ್ಲ ಪಾಠವೂ ಒಂದೇ ಕಡೆ ಸಿಗುತ್ತದೆ. ಸ್ಕ್ರಬ್ಬರ್ ಹಳೆಯದು ಕೊಳ್ಳುವುದಾದರೆ ಮುಂಗಡ ಕೊಡುವ ಮುಂಚೆ ನನಗೊಂದು ಫೋನ್ ಮಾಡು, ದಾವಣಗೆರೆಯಾದರೂ ಬಳ್ಳಾರಿಯಾದರೂ ಜೊತೆಗೆ ಬರುತ್ತೇನೆ. ಗೇರ್‌ಬಾಕ್ಸಿನ ಸದ್ದನ್ನು ಪ್ಯಾಡ್ ಹಾಕದೆ ಒಮ್ಮೆ, ನೆಲಕ್ಕೆ ಇಳಿಸಿ ಒಮ್ಮೆ ಕೇಳಿ ನೋಡಬೇಕು.

ಇತಿ ನಿನ್ನ ಹಿತೈಷಿ,
ಹಳೆಯ ಮೊಸಾಯಿಕ್ ಕೆಲಸಗಾರ